ಒಂದೇ ಟ್ರಾನ್ಸ್‌ಫಾರ್ಮರ್‌ನಲ್ಲಿ 7294 ಮತ್ತು 2030 ಎರಡೂ ಓಡಿಸಬಹುದಾ?

#1 ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಇದು ನನ್ನ ಮೊದಲ ಪ್ರಶ್ನೆ.

ಮನೆಗೆ ಒಂದು ಸ್ಪೀಕರ್ ಸೆಟ್ ಮಾಡುತ್ತಿದ್ದೇನೆ. ವೂಫರ್‌ಗೆ ಟಿಡಿಎ 7294 ಐಸಿಯ ಆಂಪ್ಲಿಫೈಯರ್ ಬೋರ್ಡ್ ಎರಡು, ವೂಫರ್ 4 ಓಮ್. ಟ್ವೀಟರ್‌ಗೆ ಟಿಡಿಎ 2030 ಬೋರ್ಡ್ ಎರಡು, ಟ್ವೀಟರ್ 8 ಓಮ್. ಇವುಗಳ ಮುಂದೆ ಟಿಎಲ್ 072 ಐಸಿ ಹಾಕಿದ ಕ್ರಾಸ್‌ಓವರ್ ಬೋರ್ಡ್, ದಪ್ಪ ಸದ್ದನ್ನೂ ಸಣ್ಣ ಸದ್ದನ್ನೂ ಬೇರೆ ಮಾಡೋದು. ಅದರ ಮುಂದೆ 5 ವೋಲ್ಟಿನ ಬ್ಲೂಟೂತ್ ಮಾಡ್ಯೂಲ್. ಎಲ್ಲವೂ ಒಂದು ಹಳೇ ಸ್ಟೆಬಿಲೈಸರ್ ಡಬ್ಬದಲ್ಲಿ ಕೂರಬೇಕು. ಅದರಲ್ಲಿ ಎರಡು ಟ್ರಾನ್ಸ್‌ಫಾರ್ಮರ್‌ಗೆ ಜಾಗ ಇಲ್ಲ.

ನನ್ನ ಹತ್ತಿರ ಹಳೇ ಆಂಪ್ಲಿಫೈಯರ್‌ನಿಂದ ಬಿಚ್ಚಿದ 24-0-24, 5 ಆಂಪ್ ಟ್ರಾನ್ಸ್‌ಫಾರ್ಮರ್ ಇದೆ. ನಾಲ್ಕೂ ಬೋರ್ಡ್‌ಗೆ ಅದೊಂದರಿಂದಲೇ ಕೊಟ್ಟರೆ ನಡೆಯುತ್ತಾ? ಅಂಗಡಿಯವರು "2030 ಕಡೆಗೆ ಒಂದು ವಾಟ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಬಿಡಿ" ಅಂದರು. ಸರಿ ಅನ್ನಿಸಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

#2 ಸೀರೀಸ್‌ಬಲ್ಬ್, ಹುಬ್ಬಳ್ಳಿ

ಸ್ವಿಚ್ ಹಾಕಬೇಡಿ. ಮೊದಲು ಲೆಕ್ಕ.

24 ಎಂಬುದು ಎಸಿ. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಮತ್ತು ಕೆಪಾಸಿಟರ್ ದಾಟಿದ ಮೇಲೆ ಅದು 24 ಗುಣಿಸು 1.414, ಅಂದರೆ 33.9. ಡಯೋಡ್ 0.7 ತಿನ್ನುತ್ತೆ. ಉಳಿಯೋದು ಸುಮಾರು ±33 ವೋಲ್ಟ್. 7294ಗೆ ಇದು ತೊಂದರೆ ಇಲ್ಲ, ಅದು ±40ರವರೆಗೆ ಕೆಲಸ ಮಾಡುತ್ತೆ. ಆದರೆ 4 ಓಮ್ ವೂಫರ್ ಹಾಕಿ ±33 ಕೊಟ್ಟರೆ ಹೀಟ್‌ಸಿಂಕ್ ಮೇಲೆ ರೊಟ್ಟಿ ಬೇಯಿಸಬಹುದು. 2030ರ ಮಿತಿ ±18. ಕೊನೆಗೆ 'ಎ' ಅಕ್ಷರ ಇರುವ 2030ಎ ಆದರೆ ±22. ±33 ಕೊಟ್ಟರೆ ಟಪ್ ಅಂತ ಒಂದು ಸದ್ದು, ಅಷ್ಟೇ.

ರೆಸಿಸ್ಟರ್ ಮಾತು ಮರೆತುಬಿಡಿ. 2030 ಸುಮ್ಮನೆ ಕೂತಾಗ 40 ಮಿಲಿ ಆಂಪ್ ಆಸುಪಾಸು ಎಳೆಯುತ್ತೆ. ಆ ಕರೆಂಟಿಗೆ 16 ವೋಲ್ಟ್ ಇಳಿಸಬೇಕಾದರೆ 400 ಓಮ್ ಬೇಕು. ಹಾಡು ಶುರುವಾಗಿ ಅದು 1 ಆಂಪ್ ಕೇಳಿದರೆ? 400 ಓಮ್ ಅದನ್ನು ಬಿಡೋದೇ ಇಲ್ಲ, ಹಾಡು ಉಸಿರು ಕಟ್ಟಿದ ಹಾಗೆ ಕೇಳುತ್ತೆ. ಯಾವಾಗಲೂ ಒಂದೇ ಕರೆಂಟ್ ಎಳೆಯುವ ಎಲ್‌ಇಡಿಗೆ ರೆಸಿಸ್ಟರ್ ಸರಿ. ಆಂಪ್ಲಿಫೈಯರ್‌ಗೆ ಅಲ್ಲ.

#3 ಡಿಪ್ಲೊಮಾಹುಡುಗ, ತುಮಕೂರು

ಹಾಗಾದರೆ 18-0-18 ತಗೊಂಡು 2030 ಬದಲು ಎಲ್‌ಎಂ 1875 ಐಸಿ ಹಾಕಿದರೆ? 1875ಕ್ಕೆ ±30 ಮಿತಿ. 18-0-18 ಅಂದರೆ ±25 ಬರುತ್ತೆ ಅಲ್ವಾ. ಆರಾಮ.

#4 ಓಮ್‌ಶಾಂತಿ, ಮೈಸೂರು

ಕಾಗದದ ಮೇಲೆ ಆರಾಮ. ಗೋಡೆಯ ಸಾಕೆಟ್ ಹತ್ತಿರ ಬನ್ನಿ.

ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 18 ವೋಲ್ಟ್ ಪೂರ್ತಿ ಲೋಡ್ ಇದ್ದಾಗಿನದು. ಲೋಡ್ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಶೇಕಡಾ 10ರಷ್ಟು ಹೆಚ್ಚಿಗೆ ಬರೋದು ಮಾಮೂಲಿ. 18 ಹೋಗಿ 19.8 ಆಯಿತು. ಡಿಸಿ ಮಾಡಿದರೆ 27.3. ಇನ್ನು ಮೇನ್ಸ್. 230 ಅನ್ನೋದು ಹೆಸರಿಗೆ. ರಾತ್ರಿ ಹನ್ನೊಂದರ ಮೇಲೆ ನಮ್ಮ ಬೀದಿಯಲ್ಲೇ 250 ತೋರಿಸಿದ್ದುಂಟು. ಅದನ್ನೂ ಸೇರಿಸಿದರೆ ±29.7 ಆಗುತ್ತೆ. ಮಿತಿ 30. ಮೀಟರ್‌ನ ತಪ್ಪು ಕೂಡ ಅದಕ್ಕಿಂತ ಜಾಸ್ತಿ ಇರುತ್ತೆ.

ಇದೇ ಲೆಕ್ಕ 15-0-15ಕ್ಕೆ ಮಾಡಿ. ಲೋಡ್ ಇಲ್ಲದೆ ±22.6. ಮೇನ್ಸ್ 250 ಆದರೆ ±24.7. 1875ಕ್ಕೆ ನೆಮ್ಮದಿ. ಗಮನಿಸಿ, 2030ಎಗೆ ಇದೂ ಜಾಸ್ತಿ.

ಹಾಗಾಗಿ ನನ್ನ ಸಲಹೆ 15-0-15, ಟ್ವೀಟರ್‌ಗೆ 1875. ಒಳ್ಳೆಯ ಸುದ್ದಿ ಏನೆಂದರೆ 2030 ಮತ್ತು 1875ರ ಐದೂ ಕಾಲು ಒಂದೇ ಕ್ರಮದಲ್ಲಿವೆ. ನಿಮ್ಮ ಬೋರ್ಡಿನಿಂದ ಐಸಿ ಬಿಚ್ಚಿ ಅಲ್ಲೇ 1875 ಬೆಸುಗೆ ಹಾಕಬಹುದು. ಎರಡು ವಿಷಯ ನೋಡಿಕೊಳ್ಳಿ. ಬೋರ್ಡ್ ಮೇಲಿನ ಎಲೆಕ್ಟ್ರೋಲಿಟಿಕ್ 25 ವೋಲ್ಟಿನದಾದರೆ 35ಕ್ಕೆ ಬದಲಿಸಿ. ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹೆಚ್ಚಿಸುತ್ತೆ ಅನ್ನೋದು, 10ಕ್ಕಿಂತ ಕಡಿಮೆ ಇರಬಾರದು, ಇದ್ದರೆ 1875 ತನ್ನಷ್ಟಕ್ಕೆ ಕೂಗಲು ಶುರು ಮಾಡುತ್ತೆ. ಮಾಮೂಲಿ 2030 ಬೋರ್ಡಿನಲ್ಲಿ 22 ಕೆ ಮತ್ತು 680 ಓಮ್ ಇರುತ್ತವೆ, ಗೇನ್ 33ರ ಹತ್ತಿರ. ಚಿಂತೆ ಇಲ್ಲ.

#5 ತುಂಗಾತೀರ

ಓಮ್‌ಶಾಂತಿ ಮೇಡಂ, ತುಂಬಾ ಥ್ಯಾಂಕ್ಸ್. ಒಂದೇ ಬೇಜಾರು. 7294 ಅಂದರೆ 100 ವಾಟಿನ ಐಸಿ ಅಂತ ತಂದಿದ್ದು. ±20ರಲ್ಲಿ ಓಡಿಸಿದರೆ ಆನೆಗೆ ಆಡಿನ ಮೇವು ಹಾಕಿದ ಹಾಗೆ ಆಗಲ್ವಾ?

#6 ಸೀರೀಸ್‌ಬಲ್ಬ್

ಆನೆ ನಿಮ್ಮ ಮನೆಯ ಹಾಲ್‌ನಲ್ಲಿ ಕೂರಬೇಕು ತಾನೇ?

ಲೋಡ್ ಬಿದ್ದಾಗ ±20 ಉಳಿಯಿತು ಅನ್ನಿ. ಐಸಿ ಒಳಗೆ 3 ವೋಲ್ಟ್ ಹೋಗುತ್ತೆ. 17 ವೋಲ್ಟ್ ಪೀಕ್, 4 ಓಮ್, ಬರೋದು 36 ವಾಟ್. 18-0-18 ಆಗಿದ್ದರೆ 55 ವಾಟ್ ಬರುತ್ತಿತ್ತು. ದೊಡ್ಡ ವ್ಯತ್ಯಾಸ ಅಂತ ಕಾಣುತ್ತೆ. ಕಿವಿಗೆ ಅದು 2 ಡೆಸಿಬೆಲ್‌ಗೂ ಕಡಿಮೆ. ವಾಲ್ಯೂಮ್ ಗುಂಡಿಯನ್ನು ಒಂದು ಚೂರು ತಿರುಗಿಸಿದಷ್ಟು.

ಇನ್ನು ಟ್ರಾನ್ಸ್‌ಫಾರ್ಮರ್ ಗಾತ್ರ. 15-0-15, 5 ಆಂಪ್ ಅಂದರೆ 150 ವಿಎ (ವೋಲ್ಟ್ ಗುಣಿಸು ಆಂಪ್). ನಾಲ್ಕೂ ಬೋರ್ಡ್ ಪೂರ್ತಿ ಸೈನ್ ವೇವ್ ಕಿರುಚಿದರೆ ಅದು ಸಾಲದು. ಆದರೆ ಹಾಡು ಸೈನ್ ವೇವ್ ಅಲ್ಲ. ಮೃದಂಗದ ಒಂದು ಪೆಟ್ಟಿಗೆ 30 ವಾಟ್ ಬೇಕಾದೀತು, ಅದರ ಮುಂದಿನ ಕ್ಷಣ 1 ವಾಟ್. ಟ್ವೀಟರ್ ಪಾಲಿಗಂತೂ ಬರೋದು ತೀರಾ ಕಡಿಮೆ. ಒಂದೇ ಸಪ್ಲೈ ಹಂಚಿಕೊಳ್ಳೋದರ ಲಾಭ ಇದೇ. ನಾಲ್ಕು ಜನ ಒಟ್ಟಿಗೆ ಒಂದೇ ಸಲ ಊಟಕ್ಕೆ ಕೂರಲ್ಲ.

ಅಂಗಡಿಯಲ್ಲಿ '5 ಆಂಪ್' ಸ್ಟಿಕರ್ ನಂಬಬೇಡಿ. ಕೈಯಲ್ಲಿ ಎತ್ತಿ ನೋಡಿ. 150 ವಿಎ ಮಾಮೂಲಿ ಕೋರ್ ಟ್ರಾನ್ಸ್‌ಫಾರ್ಮರ್ ಎರಡು ಕೆಜಿ ಆಸುಪಾಸು ತೂಗಬೇಕು. ತಂತಿ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಕೆಂಪಗೆ ಕಂಡರೆ ತಾಮ್ರ, ಕೊಡುವ ದುಡ್ಡು ಜಾಸ್ತಿಯಾದರೂ ತಗೊಳ್ಳಿ.

#7 ಚಾರ್ಜರ್‌ಭಕ್ತ, ಬೆಂಗಳೂರು

2 ಕೆಜಿ ಕಬ್ಬಿಣ ಯಾಕೆ ಹೊರಬೇಕು ಗುರುಗಳೇ? ಎಸ್.ಪಿ. ರೋಡಿಗೆ ಹೋಗಿ ಟಿಪಿಎ 3116 ಬೋರ್ಡ್ ಎರಡು ತಗೊಳ್ಳಿ. 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಎಲ್ಲರ ಮನೆಯಲ್ಲೂ ಇದೆ. ಆ ಐಸಿ 4.5ರಿಂದ 26 ವೋಲ್ಟ್‌ವರೆಗೆ ಸಿಂಗಲ್ ಸಪ್ಲೈಯಲ್ಲಿ ಓಡುತ್ತೆ. ಎರಡು ಬೋರ್ಡ್ ಒಂದೇ ಅಡಾಪ್ಟರ್‌ಗೆ ಕಟ್ಟಿ, ಮುಗೀತು. ಬಿಸಿಯೂ ಇಲ್ಲ, ಭಾರವೂ ಇಲ್ಲ.

#8 ಓಮ್‌ಶಾಂತಿ

ಹೊಸದಾಗಿ ಶುರು ಮಾಡುವವರಿಗೆ ನಿಮ್ಮ ದಾರಿ ಸುಲಭ, ಒಪ್ಪುತ್ತೇನೆ. ಆದರೆ ಇವರ ಹತ್ತಿರ ಬೋರ್ಡ್ ಆಗಲೇ ಇವೆ. ಇದನ್ನು ಓದಿ ಯಾರಾದರೂ ಎರಡನ್ನೂ ಬೆರೆಸಲು ಹೋಗುತ್ತಾರೆ, ಅದಕ್ಕೇ ಈ ಮಾತು.

7294ಕ್ಕೆ +, 0, − ಮೂರು ತಂತಿ. ಇನ್‌ಪುಟ್ ಗ್ರೌಂಡ್ ನಡುವಿನ 0ಯಲ್ಲಿ ಕೂರುತ್ತೆ. ಸಿಂಗಲ್ ಸಪ್ಲೈ ಬೋರ್ಡಿಗೆ ಎರಡೇ ತಂತಿ, ಅದರ ಗ್ರೌಂಡ್ ಅಂದರೆ ಸಪ್ಲೈಯ ಮೈನಸ್ಸೇ. ಕೆಲವರು "±12 ಇದೆ, ಎರಡು ತುದಿ ಹಿಡಿದರೆ 24 ಸಿಕ್ಕಿತು" ಅಂತ ಸಿಂಗಲ್ ಸಪ್ಲೈ ಬೋರ್ಡನ್ನು + ಮತ್ತು − ನಡುವೆ ಕಟ್ಟುತ್ತಾರೆ. ಒಂಟಿಯಾಗಿ ಇದ್ದಾಗ ಅದು ಹಾಡುತ್ತೆ. ಎರಡೂ ಬೋರ್ಡಿಗೆ ಒಂದೇ ಆಡಿಯೋ ಕೇಬಲ್ ಹಾಕಿದ ತಕ್ಷಣ ಆ ಕೇಬಲ್ಲಿನ ಶೀಲ್ಡ್ 0ಯನ್ನೂ −12ನ್ನೂ ಜೋಡಿಸಿಬಿಡುತ್ತೆ. ನೇರ ಶಾರ್ಟ್. ಆರ್‌ಸಿಎ ಕೇಬಲ್ ಕರಗಿ ಹೋಗಿದ್ದನ್ನು ನಮ್ಮ ಲ್ಯಾಬಿನಲ್ಲೇ ನೋಡಿದ್ದೇನೆ.

ಮೇಲಾಗಿ 3116ರದ್ದು ಬ್ರಿಡ್ಜ್ ಔಟ್‌ಪುಟ್. ಅದರ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಇರುತ್ತೆ. 7294ರ ಸ್ಪೀಕರ್ ಮೈನಸ್ ಗ್ರೌಂಡ್. ಎರಡು ಸ್ಪೀಕರ್ ಮೈನಸ್‌ಗೆ ಒಂದೇ ತಂತಿ ಎಳೆಯುವ ಜಾಣತನ ಮಾಡಬೇಡಿ.

#9 ಬೆಸುಗೆಹೊಗೆ, ಮಂಗಳೂರು

ಶಾರ್ಟ್ ಮಾತು ಬಂತಲ್ಲ, ನನ್ನ ಮೂರ್ಖತನವೂ ಕೇಳಿ.

2030 ಬೋರ್ಡ್ ಎರಡು ಇತ್ತು ನನ್ನ ಹತ್ತಿರ. ಒಂದು +, 0, − ಮೂರೂ ಬೇಕಾದ ಡ್ಯುಯಲ್ ಸಪ್ಲೈ, ಇನ್ನೊಂದು ಔಟ್‌ಪುಟ್ಟಿನಲ್ಲಿ ದಪ್ಪ ಕೆಪಾಸಿಟರ್ ಇರುವ ಸಿಂಗಲ್ ಸಪ್ಲೈ. ಎರಡನೆಯದನ್ನು + ಮತ್ತು 0 ನಡುವೆ ಸರಿಯಾಗಿಯೇ ಕಟ್ಟಿದ್ದೆ. ವೋಲ್ಟೇಜ್ ಸರಿ, ಗ್ರೌಂಡ್ ಸರಿ. ಎರಡು ಐಸಿಯನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಸ್ಕ್ರೂ ಮಾಡಿದೆ. ಸ್ವಿಚ್ ಹಾಕಿದೆ. ಢಬ್! ಬ್ರಿಡ್ಜ್ ಒಡೆದು ಅದರ ಚೂರು ಟ್ಯೂಬ್‌ಲೈಟ್ ಪಟ್ಟಿಗೆ ಬಡಿಯಿತು. ಅಮ್ಮ ಅಡುಗೆ ಮನೆಯಿಂದ ಸೌಟು ಹಿಡಿದೇ ಓಡಿ ಬಂದರು.

ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. 2030ರ ಹಿಂದಿನ ಲೋಹದ ಟ್ಯಾಬ್ ಒಳಗಡೆ 3ನೇ ಕಾಲಿಗೆ ಸೇರಿದೆ. ಡ್ಯುಯಲ್ ಸಪ್ಲೈಯಲ್ಲಿ 3ನೇ ಕಾಲು ಮೈನಸ್. ಸಿಂಗಲ್ ಸಪ್ಲೈಯಲ್ಲಿ ಅದೇ ಕಾಲು ಗ್ರೌಂಡ್. ಒಂದೇ ಐಸಿ, ಒಂದೇ ಕಾಲು, ಎರಡು ಬೇರೆ ವೋಲ್ಟೇಜ್, ನಡುವೆ ಒಂದು ಅಲ್ಯೂಮಿನಿಯಂ ಪಟ್ಟಿ. ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿರಲಿಲ್ವಾ ಅಂತ ಕೇಳಬೇಡಿ, ಹಾಕಿದ್ದೆ! ಆದರೆ ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿರಲಿಲ್ಲ. ಮೈಕಾದ ತೂತಿನಲ್ಲಿ ಸ್ಕ್ರೂ ಹಾದು ಟ್ಯಾಬಿಗೂ ಪಟ್ಟಿಗೂ ನೆಂಟಸ್ತಿಕೆ ಮಾಡಿಸಿತ್ತು.

ತುಂಗಾತೀರ ಅವರೇ, ನಿಮ್ಮ 7294, 1875 ಎರಡರ ಟ್ಯಾಬೂ ಮೈನಸ್ಸಿಗೇ ಸೇರಿದೆ. ಒಂದೇ ಸಪ್ಲೈ ಆದ್ದರಿಂದ ಅವು ಒಂದಕ್ಕೊಂದು ತಾಗಿದರೆ ತೊಂದರೆ ಇಲ್ಲ. ಆದರೆ ಹೀಟ್‌ಸಿಂಕ್ ಡಬ್ಬಕ್ಕೆ ತಾಗುತ್ತೆ, ಡಬ್ಬ ಪ್ಲಗ್ಗಿನ ಅರ್ಥ್ ಪಿನ್ನಿಗೆ. ಹಾಗಾಗಿ ನಾಲ್ಕಕ್ಕೂ ಮೈಕಾ, ನಾಲ್ಕಕ್ಕೂ ಬುಷ್. ಸ್ವಿಚ್ ಹಾಕುವ ಮೊದಲು ಪ್ರತಿ ಟ್ಯಾಬಿನಿಂದ ಪಟ್ಟಿಗೆ ಮೀಟರ್ ಬೀಪ್ ನೋಡಿ.

#10 ಸೀರೀಸ್‌ಬಲ್ಬ್

ನನ್ನ ಹೆಸರೇ ಔಷಧಿ. 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಮೇನ್ಸ್‌ಗೆ ಸೀರೀಸ್ ಹಾಕಿ ಮೊದಲ ಸಲ ಆನ್ ಮಾಡಿ. ಬಲ್ಬ್ ಒಂದು ಕ್ಷಣ ಮಿಂಚಿ ಮಂಕಾದರೆ ಸರಿ, ಕೆಪಾಸಿಟರ್ ತುಂಬಿತು ಅಂತ ಅರ್ಥ. ಜೋರಾಗಿ ಉರಿಯುತ್ತಲೇ ಇದ್ದರೆ ಆಫ್ ಮಾಡಿ. ಎಲ್‌ಇಡಿ ಬಲ್ಬ್ ಹಾಕಬೇಡಿ, ಅದು ಈ ಕೆಲಸಕ್ಕೆ ಬರಲ್ಲ. ಸೀರೀಸ್ ಬಲ್ಬ್ ಇದ್ದಿದ್ದರೆ ಮಂಗಳೂರಿನವರ ಅಮ್ಮನಿಗೆ ಸೌಟು ಹಿಡಿದು ಓಡುವ ಕೆಲಸ ಇರುತ್ತಿರಲಿಲ್ಲ.

#11 ತುಂಗಾತೀರ

ಹನ್ನೆರಡು ದಿನದ ನಂತರ ಬಂದಿದ್ದೇನೆ. 15-0-15 ತಾಮ್ರದ್ದೇ ಸಿಕ್ಕಿತು. 35 ಆಂಪ್ ಬ್ರಿಡ್ಜ್, ಒಂದೊಂದು ಕಡೆ 10,000 ಎಂಎಫ್‌ಡಿ (ಮೈಕ್ರೋಫ್ಯಾರಡ್) 35 ವೋಲ್ಟ್ ಕೆಪಾಸಿಟರ್. ಲೋಡ್ ಇಲ್ಲದೆ ±22.6 ತೋರಿಸಿತು, ಮೇಡಂ ಹೇಳಿದ್ದು ಅಷ್ಟೇ! ರಾತ್ರಿ ಮೇನ್ಸ್ 248 ಇದ್ದಾಗ ±24.2. ಬಲ್ಬ್ ಮಿಂಚಿ ಮಂಕಾಯಿತು. ಕ್ರಾಸ್‌ಓವರಿಗೆ ±12 ಕೊಡುವ 7812, 7912 ರೆಗ್ಯುಲೇಟರ್ ಹಾಕಿ ಅದೇ ರೈಲಿನಿಂದ (ಸಪ್ಲೈಯ + ಮತ್ತು − ಲೈನಿನಿಂದ) ಕೊಟ್ಟೆ. ಎಲ್ಲಾ ಹಾಡುತ್ತಿದೆ.

ಆದರೆ ಹಮ್. ಬರೀ ಗುಂಯ್ ಅಲ್ಲ, ಬರ್ರ್‌ರ್ ಅನ್ನೋ ಒರಟು ಸದ್ದು. ವಾಲ್ಯೂಮ್ ಸೊನ್ನೆ ಇದ್ದರೂ ಅಷ್ಟೇ ಇರುತ್ತೆ. ವೂಫರ್ ತಂತಿಯಲ್ಲಿ ಎಸಿ ಅಳೆದರೆ 60 ಮಿಲಿ ವೋಲ್ಟ್. ವಿಚಿತ್ರ ಏನೆಂದರೆ ಒಂದೊಂದೇ ಬೋರ್ಡ್ ಕಟ್ಟಿ ಇನ್‌ಪುಟ್ ಶಾರ್ಟ್ ಮಾಡಿ ಕೇಳಿದರೆ ಸಂಪೂರ್ಣ ನಿಶ್ಶಬ್ದ. ಎಲ್ಲ ಸೇರಿಸಿದಾಗ ಮಾತ್ರ ಬರುತ್ತೆ. ಕೆಪಾಸಿಟರ್ ಇನ್ನೂ 10,000 ಸೇರಿಸಲಾ?

#12 ದಾಸವಾಳ, ಹಾಸನ

ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡಿ. ನನ್ನದೂ ಹೀಗೇ ಇತ್ತು, ಹೋಯಿತು.

#13 ಸೀರೀಸ್‌ಬಲ್ಬ್

ಬೇಡ. ಬೇಡವೇ ಬೇಡ. ಲೋಹದ ಡಬ್ಬ, ಒಳಗೆ 230 ವೋಲ್ಟ್. ಟ್ರಾನ್ಸ್‌ಫಾರ್ಮರ್ ಒಳಗೆ ಇನ್ಸುಲೇಷನ್ ಹೋದ ದಿನ ಆ ಪಿನ್ನೇ ಫ್ಯೂಸ್ ಹಾರಿಸಬೇಕು. ಅದಿಲ್ಲದಿದ್ದರೆ ಡಬ್ಬ ಮುಟ್ಟಿದವರ ಮೈಯಲ್ಲೇ ಕರೆಂಟ್ ಹರಿಯುತ್ತೆ. ದಾಸವಾಳ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಇವತ್ತೇ ಹೋಗಿ ಆ ಪಿನ್ ವಾಪಸ್ ಹಾಕಿಸಿ.

#14 ಓಮ್‌ಶಾಂತಿ

ಕೆಪಾಸಿಟರ್ ಸೇರಿಸಬೇಡಿ, ಸದ್ದು ಇನ್ನೂ ಒರಟಾಗುವ ಸಾಧ್ಯತೆಯೇ ಹೆಚ್ಚು. ಒಂಟಿಯಾಗಿ ನಿಶ್ಶಬ್ದ, ಸೇರಿಸಿದರೆ ಸದ್ದು ಅಂದಿರಲ್ಲ, ಅಲ್ಲೇ ಉತ್ತರ ಇದೆ. ನಯವಾದ 50 ಹರ್ಟ್ಸ್ ಗುಂಯ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಕಾಂತಕ್ಷೇತ್ರ ಕ್ರಾಸ್‌ಓವರಿಗೆ ತಾಗುತ್ತಿದೆ ಅನ್ನುತ್ತಿದ್ದೆ. ಬರ್ರ್ ಅನ್ನೋ 100 ಹರ್ಟ್ಸ್ ಅಂದರೆ ಕೆಪಾಸಿಟರ್ ಚಾರ್ಜ್ ಆಗುವ ಕರೆಂಟ್ ಸಿಗ್ನಲ್ ದಾರಿಗೆ ನುಗ್ಗುತ್ತಿದೆ.

ಗ್ರೌಂಡ್ ತಂತಿಗಳ ಫೋಟೋ ಹಾಕಿ. ನಡುವಿನ 0 ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನೋದು ಮಾತ್ರ ನನಗೆ ಬೇಕು.

#15 ತುಂಗಾತೀರ

ಫೋಟೋ ಹಾಕಿದ್ದೇನೆ. ಕಪ್ಪು ತಂತಿ ಎಲ್ಲಾ ಗ್ರೌಂಡ್. ಕೆಪಾಸಿಟರಿನಿಂದ ಎಡ 7294ಗೆ, ಅಲ್ಲಿಂದ ಬಲ 7294ಗೆ, ಅಲ್ಲಿಂದ 1875 ಎರಡಕ್ಕೆ, ಕೊನೆಗೆ ಕ್ರಾಸ್‌ಓವರಿಗೆ. ಮಾಲೆ ಕಟ್ಟಿದ ಹಾಗೆ. ಟ್ರಾನ್ಸ್‌ಫಾರ್ಮರಿನ ನಡುವಿನ 0, ಅಂದರೆ ಸೆಂಟರ್ ಟ್ಯಾಪ್ ತಂತಿ ಗಿಡ್ಡ ಇತ್ತು, ಕೆಪಾಸಿಟರ್‌ವರೆಗೆ ತಲುಪಲಿಲ್ಲ. ಹತ್ತಿರ ಇದ್ದ ಎಡ 1875 ಬೋರ್ಡಿನ ಗ್ರೌಂಡಿಗೇ ಬೆಸುಗೆ ಹಾಕಿದೆ. ಎಲ್ಲಾ ಗ್ರೌಂಡ್ ಒಂದೇ ತಾನೇ?

#16 ಓಮ್‌ಶಾಂತಿ

ಸಿಕ್ಕಿತು ಕಳ್ಳ.

'ಎಲ್ಲಾ ಗ್ರೌಂಡ್ ಒಂದೇ' ಅನ್ನೋದು ಸರ್ಕ್ಯೂಟ್ ಚಿತ್ರದಲ್ಲಿ ಮಾತ್ರ ನಿಜ. ಡಬ್ಬದ ಒಳಗೆ ಅದು ತಂತಿ. ತಂತಿಗೆ ರೆಸಿಸ್ಟೆನ್ಸ್ ಇದೆ. ನಿಮ್ಮದು ಅರ್ಧ ಚದರ ಮಿಲಿಮೀಟರ್ ತಾಮ್ರ ಅಂತ ಕಾಣುತ್ತೆ. ಅದು ಒಂದು ಅಡಿಗೆ ಸುಮಾರು 10 ಮಿಲಿ ಓಮ್.

ಈಗ ನೋಡಿ. ನಿಮ್ಮ ನಾಲ್ಕು ಬೋರ್ಡ್ ಹಾಡಿಲ್ಲದೆ ಕೂತಾಗ ಒಟ್ಟು ಕಾಲು ಆಂಪ್ ಎಳೆಯುತ್ತವೆ ಅನ್ನಿ. ಆದರೆ ಕೆಪಾಸಿಟರಿಗೆ ಕರೆಂಟ್ ಸಮನಾಗಿ ಬರಲ್ಲ. ಎಸಿ ಅಲೆಯ ತುದಿಯಲ್ಲಿ ಮಾತ್ರ, 10 ಮಿಲಿಸೆಕೆಂಡಿಗೆ ಒಂದು ಸಲ, ಒಂದೆರಡು ಮಿಲಿಸೆಕೆಂಡ್ ಡಯೋಡ್ ತೆರೆಯುತ್ತೆ. ಅಷ್ಟರಲ್ಲಿ ಪೂರ್ತಿ ಬಾಕಿ ತುಂಬಬೇಕು. ಹಾಗಾಗಿ ಆ ಕ್ಷಣ 2 ಆಂಪಿನಂಥ ಗುದ್ದು. ಹಾಡು ಜೋರಾದರೆ 10 ಆಂಪ್ ದಾಟುತ್ತೆ.

ಎರಡು ಕಡೆಯ ರೈಲೂ ಒಂದೇ ಸಮ ಎಳೆದರೆ ಈ ಗುದ್ದು + ಮತ್ತು − ತಂತಿಯಲ್ಲೇ ಸುತ್ತಿ ಮುಗಿಯಬೇಕು. ಆದರೆ ಎರಡೂ ಎಂದೂ ಪಕ್ಕಾ ಸಮ ಇರಲ್ಲ, ಟ್ರಾನ್ಸ್‌ಫಾರ್ಮರಿನ ಎರಡು ಅರ್ಧವೂ ಸಮ ಇರಲ್ಲ. ಉಳಿಕೆ ಸೆಂಟರ್ ಟ್ಯಾಪ್‌ನಲ್ಲಿ ಹರಿಯುತ್ತೆ. ನೀವು ಆ ಟ್ಯಾಪನ್ನು ಟ್ವೀಟರ್ ಬೋರ್ಡಿಗೆ ಕಟ್ಟಿದ್ದೀರಿ. ಹಾಗಾಗಿ ಅದು ಮಾಲೆ ಪೂರ್ತಿ ಹಾದು ಕೆಪಾಸಿಟರ್ ಸೇರಬೇಕು. ದಾರಿಯಲ್ಲಿ ಪ್ರತಿ ಬೋರ್ಡಿನ ಗ್ರೌಂಡನ್ನೂ ಒಂದೊಂದು ಮಿಲಿ ವೋಲ್ಟ್, ಎರಡೆರಡು ಮಿಲಿ ವೋಲ್ಟ್ ಎತ್ತಿ ಇಳಿಸುತ್ತೆ. ಬೋರ್ಡಿಗೆ ಅದು ಸಿಗ್ನಲ್ ಥರ ಕಾಣುತ್ತೆ. 30 ಪಟ್ಟು ಹೆಚ್ಚಿಸಿ ಸ್ಪೀಕರಿಗೆ ಕೊಡುತ್ತೆ. 2 ಮಿಲಿ ವೋಲ್ಟ್ ಗುಣಿಸು 30. ನಿಮ್ಮ 60 ಅಲ್ಲಿದೆ.

ಗ್ರೌಂಡ್ ಅಂದರೆ ಚರಂಡಿ ಇದ್ದ ಹಾಗೆ. ನಾಲ್ಕು ಮನೆಯ ನೀರು ಒಂದೇ ಸಣ್ಣ ಚರಂಡಿಯಲ್ಲಿ, ಒಬ್ಬರ ಬಾಗಿಲ ಮುಂದೆ ಹಾದು ಇನ್ನೊಬ್ಬರ ಬಾಗಿಲಿಗೆ. ಮೊದಲ ಮನೆಯವರು ಟ್ಯಾಂಕ್ ಖಾಲಿ ಮಾಡಿದರೆ ಕೊನೆ ಮನೆಯ ಬಚ್ಚಲಲ್ಲಿ ನೀರು ಉಕ್ಕುತ್ತೆ.

ಸೆಂಟರ್ ಟ್ಯಾಪ್‌ಗೆ ದಪ್ಪ ತಂತಿ ಸೇರಿಸಿ ಎರಡು ಕೆಪಾಸಿಟರ್ ಕೂಡುವ ಜಾಗಕ್ಕೇ ತನ್ನಿ. ಅಲ್ಲಿಂದ ಒಂದು ಗಿಡ್ಡ ದಪ್ಪ ತಂತಿ ಹೊರಗೆ ಎಳೆದು ಒಂದು ಬೋಲ್ಟಿಗೆ ಕಟ್ಟಿ. ಆ ಬೋಲ್ಟಿನಿಂದ ಪ್ರತಿ ಬೋರ್ಡಿಗೂ ಬೇರೆ ಬೇರೆ ಗ್ರೌಂಡ್ ತಂತಿ. ಸ್ಪೀಕರ್ ಮೈನಸ್ ಕೂಡ ಬೋಲ್ಟಿಗೇ. ಕ್ರಾಸ್‌ಓವರಿಗೂ ತನ್ನದೇ ತಂತಿ. ಕೆಪಾಸಿಟರ್ ನಡುವಿನ ತಗಡಿನಿಂದಲೇ ನೇರ ಎಳೆಯಬೇಡಿ, ಗುದ್ದು ಅಲ್ಲೇ ಓಡಾಡುತ್ತೆ. + ಮತ್ತು − ತಂತಿಗಳನ್ನೂ ಬೋರ್ಡಿಗೆ ಬೇರೆ ಬೇರೆ ಎಳೆದು, ಅದರ ಗ್ರೌಂಡ್ ಜೊತೆ ಜಡೆ ಹೆಣೆದ ಹಾಗೆ ಹೆಣೆಯಿರಿ.

#17 ಬೆಸುಗೆಹೊಗೆ

ಇದಕ್ಕೆ ಒಂದು ಬಾಲ. ಹೀಗೆ ಎಲ್ಲ ಗ್ರೌಂಡ್ ಒಂದೇ ಬೋಲ್ಟಿಗೆ ತಂದು ಸ್ಟಾರ್ ಮಾಡಿದ ಮೇಲೂ ಹಮ್ ಸ್ವಲ್ಪ ಉಳಿಯಬಹುದು. ಕ್ರಾಸ್‌ಓವರಿನಿಂದ ನಾಲ್ಕು ಶೀಲ್ಡ್ ಕೇಬಲ್ ಹೊರಡುತ್ತವೆ. ಪ್ರತಿ ಶೀಲ್ಡೂ ಎರಡೂ ತುದಿಯಲ್ಲಿ ಗ್ರೌಂಡ್. ಹೊರಗಡೆ ಬೋಲ್ಟಿನಲ್ಲಿ ಅವು ಮತ್ತೆ ಸೇರುತ್ತವೆ. ಅಲ್ಲಿಗೆ ಕರೆಂಟ್ ಸುತ್ತಲು ನಾಲ್ಕು ಬಳೆ ಆಯಿತು.

ಬೋರ್ಡಿನಲ್ಲಿ ಇನ್‌ಪುಟ್ ಗ್ರೌಂಡ್ ಮತ್ತು ಪವರ್ ಗ್ರೌಂಡ್ ನಡುವಿನ ತಾಮ್ರವನ್ನು ಬ್ಲೇಡಿನಲ್ಲಿ ಕೊಯ್ದು ಅಲ್ಲಿ 10 ಓಮ್ ಹಾಕಿ. ಸಿಗ್ನಲಿಗೆ 10 ಓಮ್ ಲೆಕ್ಕಕ್ಕೇ ಇಲ್ಲ. ಸುತ್ತುವ ಕರೆಂಟಿಗೆ 10 ಮಿಲಿ ಓಮ್ ಮುಂದೆ 10 ಓಮ್ ಅಂದರೆ ಬೆಟ್ಟ. ಕೊಯ್ಯುವಾಗ ಎಚ್ಚರ: 680 ಓಮ್ ಕೆಳಗಿರುವ 22 ಎಂಎಫ್‌ಡಿಯ ಗ್ರೌಂಡ್ ಕಾಲು ಇನ್‌ಪುಟ್ ಕಡೆಗೇ ಉಳಿಯಬೇಕು. ನಾನು ಮೊದಲ ಸಲ ತಪ್ಪು ಕಡೆ ಬಿಟ್ಟು, ಹಮ್ ಕಡಿಮೆ ಆಗೋದರ ಬದಲು ಜಾಸ್ತಿಯಾಗಿತ್ತು.

#18 ತುಂಗಾತೀರ

ನಿನ್ನೆ ಭಾನುವಾರ ಪೂರ್ತಿ ಇದೇ ಕೆಲಸ. ಡಬ್ಬ ಬಿಚ್ಚಿ ಕಪ್ಪು ತಂತಿ ಎಲ್ಲಾ ಕಿತ್ತು ಹಾಕಿದೆ. ಬೋಲ್ಟ್ ಹಾಕಿ ಸ್ಟಾರ್ ಮಾಡಿದ ಮೇಲೆ 60 ಇದ್ದದ್ದು 5 ಮಿಲಿ ವೋಲ್ಟಿಗೆ ಬಂತು. 10 ಓಮ್ ಹಾಕಿದ ಮೇಲೆ ಮೀಟರ್ ಒಂದಕ್ಕಿಂತ ಕೆಳಗೆ. ಟ್ವೀಟರಿಗೆ ಕಿವಿ ಅಂಟಿಸಿದರೆ ಮಾತ್ರ ಸಣ್ಣ ಸ್ಸ್ ಅನ್ನುತ್ತೆ. ಹೆಂಡತಿ ಬಂದು "ಆನ್ ಆಗಿದೆಯಾ ಇದು?" ಅಂತ ಕೇಳಿದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಈಗ ಉಳಿದಿರೋದು ಬ್ಲೂಟೂತ್. 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಹಾಕಿ ಪ್ಲಸ್ ರೈಲಿನಿಂದಲೇ ಕೊಟ್ಟಿದ್ದೇನೆ. ಫೋನ್ ಜೋಡಿಸಿದಾಗ ಟಿಕ್ ಟಿಕ್ ಟಿರ್ರ್, ಅಂತ ಒಂದೇ ಸಮ. ಹಾಡು ನಿಂತಾಗ ಆ ಸದ್ದು ಚೆನ್ನಾಗಿ ಕೇಳುತ್ತೆ.

#19 ಚಾರ್ಜರ್‌ಭಕ್ತ

ಈಗ ನನ್ನ ಸರದಿ! ಇದು ನಮ್ಮ ಕಡೆಯ ರೋಗ, ಔಷಧಿಯೂ ನಮ್ಮ ಹತ್ತಿರವೇ ಇದೆ.

ಮಾಡ್ಯೂಲ್ ರೇಡಿಯೋ ಆನ್-ಆಫ್ ಮಾಡಿದಾಗೆಲ್ಲ ಕರೆಂಟ್ ಜಿಗಿಯುತ್ತೆ. ಆ ಕರೆಂಟ್ ವಾಪಸ್ ಹೋಗಲು ಅದಕ್ಕೆ ಎರಡು ದಾರಿ: ಪವರ್ ಗ್ರೌಂಡ್, ಆಡಿಯೋ ಕೇಬಲ್ಲಿನ ಗ್ರೌಂಡ್. ಎರಡನೆಯದರಲ್ಲಿ ಹೋದದ್ದೇ ನಿಮಗೆ ಟಿಕ್ ಟಿಕ್ ಅಂತ ಕೇಳುತ್ತಿರೋದು. ಅಂದರೆ ನಿನ್ನೆ ಬಿಡಿಸಿದ ಗಂಟೇ, ಸಣ್ಣ ಗಾತ್ರದಲ್ಲಿ.

ಬಿ0505ಎಸ್ ಅಂತ ಕಪ್ಪು ಸಕ್ಕರೆ ಅಚ್ಚಿನಂಥ ನಾಲ್ಕು ಕಾಲಿನ ಡಿಸಿ-ಡಿಸಿ ಕನ್ವರ್ಟರ್ ಸಿಗುತ್ತೆ. 5 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, 1 ವಾಟ್, ಅಂದರೆ 200 ಮಿಲಿ ಆಂಪ್. ಒಳಗಿನ ಗ್ರೌಂಡಿಗೂ ಹೊರಗಿನ ಗ್ರೌಂಡಿಗೂ ಸಂಬಂಧ ಇಲ್ಲ. 7805ಕ್ಕೂ ಮಾಡ್ಯೂಲಿಗೂ ನಡುವೆ ಅದನ್ನು ಹಾಕಿ. ಹೊರಗಿನ ಗ್ರೌಂಡನ್ನು ಬೋಲ್ಟಿಗೆ ಕಟ್ಟಬೇಡಿ, ಕಟ್ಟಿದರೆ ಹಾಕಿದ್ದೂ ದಂಡ. ಮಾಡ್ಯೂಲಿನ ಗ್ರೌಂಡ್ ಆಡಿಯೋ ಕೇಬಲ್ ಮೂಲಕ ಮಾತ್ರ ಸೇರಲಿ.

7805ಕ್ಕೆ ಒಂದು ಸಣ್ಣ ಹೀಟ್‌ಸಿಂಕ್ ಇದೆ ತಾನೇ? 22ರಿಂದ 5ಕ್ಕೆ ಇಳಿಸಬೇಕು. 100 ಮಿಲಿ ಆಂಪಿಗೇ 1.7 ವಾಟ್ ಬಿಸಿ ಆಗುತ್ತೆ.

#20 ಡಿಪ್ಲೊಮಾಹುಡುಗ

ನಡುವೆ ನನ್ನದೊಂದು. ನನ್ನ ಹತ್ತಿರ ಐಆರ್‌ಎಸ್ 2092 ಕ್ಲಾಸ್-ಡಿ (ಸ್ವಿಚ್ ಥರ ಆನ್-ಆಫ್ ಆಗುವ) ಆಂಪ್ಲಿಫೈಯರ್ ಬೋರ್ಡ್ ಇದೆ, ಡ್ಯುಯಲ್ ಸಪ್ಲೈದು. ಸಬ್‌ವೂಫರಿಗೆ ಅದು, ಉಳಿದದ್ದಕ್ಕೆ 1875. ಸಪ್ಲೈ ±25 ಒಂದೇ. ಸ್ಟಾರ್ ಗ್ರೌಂಡ್ ಮಾಡಿದರೆ ಸಾಕಲ್ವಾ?

#21 ಓಮ್‌ಶಾಂತಿ

ಸಾಲದು. ಇಲ್ಲಿ ಸಮಸ್ಯೆ ಗ್ರೌಂಡ್ ಅಲ್ಲ, ರೈಲು.

ಅರ್ಧ ಬ್ರಿಡ್ಜಿನ ಕ್ಲಾಸ್-ಡಿ ಬೋರ್ಡ್ ಒಂದು ರೈಲಿನಿಂದ ಶಕ್ತಿ ತೆಗೆದುಕೊಳ್ಳುವಾಗ ಅದರಲ್ಲಿ ಸ್ವಲ್ಪವನ್ನು ಕಾಯಿಲ್ ಮೂಲಕ ಇನ್ನೊಂದು ರೈಲಿಗೆ ತಳ್ಳುತ್ತೆ. ಇದಕ್ಕೆ ಬಸ್ ಪಂಪಿಂಗ್ ಅಂತಾರೆ. ಬ್ರಿಡ್ಜ್ ಡಯೋಡ್ ಕರೆಂಟನ್ನು ವಾಪಸ್ ಬಿಡಲ್ಲ, ಹಾಗಾಗಿ ಅದು ಕೆಪಾಸಿಟರಿನಲ್ಲೇ ತುಂಬಿ ರೈಲು ಏರುತ್ತೆ. ಶ್ರುತಿ ಕೆಳಗಿಳಿದಷ್ಟೂ ಜಾಸ್ತಿ. ಸಬ್‌ವೂಫರಿನ 25 ಹರ್ಟ್ಸ್ ಅದಕ್ಕೆ ಹಬ್ಬ. 2092ಕ್ಕೆ ತಡೆಯುವ ಶಕ್ತಿ ಇದೆ. ಪಕ್ಕದಲ್ಲಿ ±30ರ ಮಿತಿಯ 1875 ಕೂತಿದೆ, ಅದರ ಗತಿ?

ಎರಡು ಚಾನೆಲ್ ಇದ್ದರೆ ಒಂದರ ಇನ್‌ಪುಟ್ ತಿರುಗಿಸಿ, ಅದರ ಸ್ಪೀಕರ್ ತಂತಿಯನ್ನೂ ತಿರುಗಿಸಿ ಕಟ್ಟುವ ಉಪಾಯ ಉಂಟು. ಆಗ ಒಂದು ತಳ್ಳಿದ್ದನ್ನು ಇನ್ನೊಂದು ತಿನ್ನುತ್ತೆ. ನಿಮ್ಮದು ಒಂದೇ ಸಬ್. ಸಬ್ಬಿಗೆ ಬೇರೆ ಸಪ್ಲೈ ಮಾಡಿ. ಹಂಚಿಕೊಳ್ಳಬಾರದ ಜಾಗ ಅಂತಲೂ ಒಂದು ಇದೆ.

#22 ಸೀರೀಸ್‌ಬಲ್ಬ್

ತುಂಗಾತೀರ, ಡಬ್ಬ ಮುಚ್ಚುವ ಮೊದಲು ಮೂರು ಕೆಲಸ.

ಪ್ರತಿ ಬೋರ್ಡಿನ + ಮತ್ತು − ಎರಡಕ್ಕೂ ಬೇರೆ ಫ್ಯೂಸ್. ವೂಫರ್ ಕಡೆ 3 ಆಂಪ್, ಟ್ವೀಟರ್ ಕಡೆ 1.5 ಸಾಕು. ಒಂದು ಬೋರ್ಡ್ ಸತ್ತರೆ ಉಳಿದ ಮೂರನ್ನು ಎಳೆದುಕೊಂಡು ಹೋಗಬಾರದು. ಇದರಲ್ಲಿ ಒಂದು ಕಂಟಕ ಇದೆ. + ಫ್ಯೂಸ್ ಮಾತ್ರ ಹಾರಿ − ಉಳಿದರೆ ಸ್ಪೀಕರಿಗೆ ಡಿಸಿ ಹೋಗಬಹುದು. ವೂಫರಿಗೆ ಡಿಸಿ ಬಂದರೆ ಸ್ಪೀಕರ್ ಕಡಿಯುವ, ಯುಪಿಸಿ 1237 ಐಸಿ ಇರುವ ರಿಲೇ ಬೋರ್ಡ್ ಹಾಕಿ. ಟ್ವೀಟರಿಗೆ ಸೀರೀಸ್‌ನಲ್ಲಿ 20 ಎಂಎಫ್‌ಡಿಯ ನಾನ್-ಪೋಲಾರ್ ಕೆಪಾಸಿಟರ್ ಒಂದು ಸಾಕು. 8 ಓಮ್‌ಗೆ ಅದು 1000 ಹರ್ಟ್ಸ್ ಕೆಳಗೆ ಕಡಿಯುತ್ತೆ, ನಿಮ್ಮ ಕ್ರಾಸ್‌ಓವರ್ 3000ದಲ್ಲಿ ಇದ್ದರೆ ಅಡ್ಡಿ ಬರಲ್ಲ.

ಮೂರನೆಯದು, ಒಂದೊಂದು 10,000 ಎಂಎಫ್‌ಡಿ ಮೇಲೂ 2.2 ಕೆ, ಅರ್ಧ ವಾಟ್ ರೆಸಿಸ್ಟರ್. ಆಫ್ ಮಾಡಿದ ಒಂದು ನಿಮಿಷದಲ್ಲಿ ಕೆಪಾಸಿಟರ್ ಖಾಲಿ. ನನ್ನ ಎಡಗೈ ಹೆಬ್ಬೆರಳಲ್ಲಿ ಸ್ಕ್ರೂಡ್ರೈವರ್ ಕಿಡಿಯ ಗುರುತು ಇನ್ನೂ ಇದೆ, 1996ರದ್ದು.

#23 ತುಂಗಾತೀರ

ಬಿ0505ಎಸ್ ಬಂತು, ಹಾಕಿದೆ, ಟಿಕ್ ಟಿಕ್ ಹೋಯಿತು! ಫ್ಯೂಸ್ ಎಂಟೂ ಹಾಕಿದೆ. ರಿಲೇ ಬೋರ್ಡ್ ಮುಂದಿನ ವಾರ. ಎರಡು ತಾಸು ಜೋರಾಗಿ ಓಡಿಸಿದೆ. ಟ್ರಾನ್ಸ್‌ಫಾರ್ಮರ್ ಬೆಚ್ಚಗೆ, 7294 ಕೈ ಇಡುವಷ್ಟು ಬಿಸಿ, 1875 ತಣ್ಣಗೆ. ತವಿಲ್ ಜೋರಾಗಿ ಬಿದ್ದಾಗಲೂ ಟ್ವೀಟರ್ ಕಡೆ ನಾಗಸ್ವರ ಕದಲಲಿಲ್ಲ. ವೂಫರ್ ರೈಲು ಎಳೆದರೆ ಟ್ವೀಟರ್ ಅಲ್ಲಾಡುತ್ತೆ ಅಂತ ಹೆದರಿದ್ದೆ.

ಕೊನೇ ಪ್ರಶ್ನೆ. ಆ 24-0-24 ಗುಜರಿಗೆ ಹಾಕಲಾ?

#24 ಸೀರೀಸ್‌ಬಲ್ಬ್

ಈ ಐಸಿಗಳು ರೈಲಿನ ಏರಿಳಿತವನ್ನು ಒಳಗೇ ತಡೆದುಕೊಳ್ಳುತ್ತವೆ. ಅದಕ್ಕೇ ಹಂಚಿಕೊಳ್ಳೋಕೆ ಆಗೋದು. ಒಂದೆರಡು ಟ್ರಾನ್ಸಿಸ್ಟರಿನ ಸಾದಾ ಕ್ಲಾಸ್-ಎ ಬೋರ್ಡ್ ಆಗಿದ್ದರೆ ಕದಲುತ್ತಿತ್ತು.

24-0-24 ಗುಜರಿಗೆ ಯಾಕೆ? ಎಲ್‌ಎಂ 3886 ಎರಡು ಹಾಕಿ. ಅದು ಎರಡೂ ರೈಲು ಸೇರಿ 84 ವೋಲ್ಟ್‌ವರೆಗೆ ತಡೆಯುತ್ತೆ. ಆದರೆ 8 ಓಮ್ ಸ್ಪೀಕರ್ ಇದ್ದರೆ ಮಾತ್ರ. ರಾತ್ರಿ ಹನ್ನೊಂದರ ಮೇಲೆ ಒಮ್ಮೆ ರೈಲು ಅಳೆದು, ಹೊಸ ಎಳೆ ಶುರು ಮಾಡಿ.